ಆಗದವನು ತಂದ ಪ್ರೊಸೆಸರ್

ಗದಿಗೆಪ್ಪನಿಗೆ ಪೇಟೆಯಿಂದ ಏನು ಬೇಕಾದರೂ ನಾನೇ ತರಬೇಕು. ಯಾಕೆಂದರೆ ನನಗೂ ಅವನಿಗೂ ಆಗುವುದಿಲ್ಲ. ನನಗೆ ಬೇಕಾದದ್ದನ್ನು ಅವನು ತರುತ್ತಾನೆ, ಅದೂ ಅದೇ ಕಾರಣಕ್ಕೆ. ನಮ್ಮೂರಿನಲ್ಲಿ ಇದೇನು ದೊಡ್ಡ ಸುದ್ದಿಯಲ್ಲ. ಎಲ್ಲ ಮನೆಗಳಲ್ಲೂ ಹೀಗೆಯೇ ನಡೆದುಕೊಂಡು ಬಂದಿದೆ.

ಇಲ್ಲಿಯ ಪೇಟೆಯಲ್ಲಿ ಪ್ರತಿಯೊಂದು ಸಾಮಾನಿಗೂ ದಾರದಲ್ಲಿ ಒಂದು ಚೀಟಿ ಕಟ್ಟಿರುತ್ತದೆ. ಮುಂದೆ ಬಂದು ನಿಂತವನಿಗೆ ಆ ಸಾಮಾನು ಎಷ್ಟು ಬೇಕಾಗಿದೆಯೋ ಅಷ್ಟು ಬೆಲೆಯನ್ನು ಚೀಟಿ ತೋರಿಸುತ್ತದೆ. ಬೇಕೇ ಬೇಕು ಎಂದು ನಿಂತರೆ ಏರುತ್ತದೆ. ಇದ್ದರೆಷ್ಟು ಬಿಟ್ಟರೆಷ್ಟು ಎಂದು ನಿಂತರೆ ಇಳಿಯುತ್ತದೆ. ಅಂಗಡಿಯವರು ಏನೂ ಮಾಡುವಂತಿಲ್ಲ, ಚೀಟಿ ತೋರಿಸಿದ ಬೆಲೆಗೆ ಕೊಡಬೇಕು. ಹೊರಗಿನಿಂದ ಬಂದವರು ಮೊದಮೊದಲು ಜಗಳಕ್ಕೆ ನಿಲ್ಲುತ್ತಾರೆ. ಜಗಳ ಜೋರಾದಷ್ಟೂ ಚೀಟಿ ಏರುವುದನ್ನು ನೋಡಿ ತಾವೇ ತಣ್ಣಗಾಗುತ್ತಾರೆ. ಮಿಠಾಯಿ ಅಂಗಡಿಯವನು ಮಾತ್ರ ಬುದ್ಧಿವಂತ, ಶಾಲೆ ಬಿಡುವ ಹೊತ್ತಿಗೆ ಫ್ಯಾನನ್ನು ರಸ್ತೆಯ ಕಡೆಗೆ ತಿರುಗಿಸಿ ತುಪ್ಪದ ವಾಸನೆ ಹೊರಗೆ ಬಿಡುತ್ತಾನೆ.

ಹೀಗಾಗಿ ಮದುಮಗಳ ಸೀರೆ ತರಲು ಅವಳ ಓರಗಿತ್ತಿಯಾಗುವವಳನ್ನು ಕಳಿಸುತ್ತಾರೆ. ಕೂಸಿನ ಗಿಲಕಿ ತರಲು ಆ ಕೂಸಿನ ಅಳುವಿಗೆ ನಿದ್ದೆಗೆಟ್ಟ ಪಕ್ಕದ ಮನೆಯವರು ಹೋಗುತ್ತಾರೆ. ಔಷಧಕ್ಕಂತೂ, ಮಲಗಿದವನು ಏಳದಿದ್ದರೂ ನಡೆದೀತು ಎನ್ನುವವನೇ ಬೇಕು. ಸಂಬಂಧವಿಲ್ಲದ ಯಾರನ್ನೋ ಕಳಿಸಿ ನೋಡಿದವರೂ ಇದ್ದಾರೆ. ಅಂಥವನಿಗೆ ಅಗ್ಗಕ್ಕೆ ಸಿಕ್ಕೀತೆಂಬ ಆಸೆ ತಾನಾಗಿ ಹುಟ್ಟಿ ಚೀಟಿ ಏರಿಬಿಡುತ್ತದೆ. ಆಗದವನೇ ಸರಿ. ಆ ಸಾಮಾನು ಆ ಮನೆ ಸೇರಬಾರದು ಎಂದು ಅವನ ಒಳಗಿರುತ್ತದೆ. ಆದರೂ ನಾಳೆ ತನ್ನ ಸಾಮಾನಿಗೆ ಅವರು ಹೋಗಬೇಕಲ್ಲ ಎಂದು ಚೀಲ ಹಿಡಿದು ಹೊರಡುತ್ತಾನೆ.

ಹೆಣ್ಣು ಕೊಡುವಾಗ ನಮ್ಮಲ್ಲಿ ಹುಡುಗನಿಗೆ ಕೆಲಸವೇನು ಎಂದು ಕೇಳಿದ ಮೇಲೆ, ಆ ಮನೆಗೆ ಆಗದವರು ಯಾರು, ಗಟ್ಟಿಯವರೋ ಹೇಗೆ ಎಂದೂ ವಿಚಾರಿಸುತ್ತಾರೆ. ಒಬ್ಬ ಮಾಸ್ತರರಿದ್ದರು, ನಾಗರಾಳ ಮಾಸ್ತರರು. ಯಾರ ಜೊತೆಗೂ ಒಂದು ಮಾತು ಬಿರುಸಾಗಿ ಆಡಿದವರಲ್ಲ. ಉಪ್ಪನ್ನೂ ಬಂಗಾರದ ಬೆಲೆಗೆ ತಂದು ಉಂಡರು. ಅವರ ಹೆಂಡತಿ ಪಾಪ ಓಣಿಯಲ್ಲೆಲ್ಲ ತಿರುಗಿ ಗಂಡನ ಪರವಾಗಿ ಜಗಳ ಹಚ್ಚಲು ನೋಡಿದಳು. ಮಾಸ್ತರರು ಹಿಂದೆಯೇ ಬಂದು ಕೈ ಮುಗಿದುಬಿಡುತ್ತಿದ್ದರು. ಕಡೆಗೆ ವರ್ಗ ಮಾಡಿಸಿಕೊಂಡು ಹೋದರು.

ನಾನು ದಾವಲಸಾಬ, ಗಾದಿ ಹೊಲಿಯುವವನು. ಮೂರನೆಯ ಇಯತ್ತೆಯವರೆಗೆ ಶಾಲೆಗೆ ಹೋಗಿದ್ದೆ, ಆಮೇಲೆ ಹತ್ತಿ ಹಿಂಜಲು ಕೂತೆ. ಹತ್ತಿಯ ಮುಂದೆ ಅವಸರ ನಡೆಯುವುದಿಲ್ಲ. ಬೆಲೆಗಳನ್ನು ಕೂಡ ನಾನು ಗಾದಿಯ ಲೆಕ್ಕದಲ್ಲಿಯೇ ನೆನಪಿಡುತ್ತೇನೆ. ರೂಪಾಯಿ ಕಾಲಕ್ಕೊಂದು ತರಹ ಆಗುತ್ತದೆ, ಗಾದಿ ಗಾದಿಯಾಗಿಯೇ ಇರುತ್ತದೆ.

ಗದಿಗೆಪ್ಪನದು ನಮ್ಮ ಮೋಟು ಗೋಡೆಯ ಆಚೆಯ ಮನೆ. ಮುಂದಿನ ಕೋಣೆಯಲ್ಲಿ ಅವನ ಅಚ್ಚಿನ ಅಂಗಡಿ. ಮೊದಲು ಸೀಸದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ, ಆಮೇಲೆ ಕಂಪ್ಯೂಟರ್ ತಂದು ಮೇಜಿನ ಮೇಲಿಟ್ಟುಕೊಂಡ. ಲಗ್ನದ ಕಾರ್ಡು, ಮನೆ ಒಕ್ಕಲಿನ ಕಾರ್ಡು, ಸತ್ತವರ ಫೋಟೋ ಹಾಕಿದ ಕಾಗದ, ಊರಿಗೆ ಏನು ಬೇಕೋ ಅದೆಲ್ಲ ಅವನಲ್ಲೇ ಆಗುತ್ತಿತ್ತು. ನಮ್ಮಿಬ್ಬರದು ಕೆಟ್ಟದ್ದು ಒಂದು ಏಣಿಯಿಂದ. ಅಟ್ಟಕ್ಕೆ ಮೊಳೆಯ ಪೆಟ್ಟಿಗೆ ಏರಿಸಬೇಕೆಂದು ನನ್ನ ಏಣಿ ಒಯ್ದ. ಅದು ಅವನ ಅಟ್ಟಕ್ಕೆ ಉದ್ದವಾಯಿತಂತೆ. ಕೊಯ್ದು ಸರಿಮಾಡಿಕೊಂಡು ಕೆಲಸ ಮುಗಿಸಿ, ಸಂಜೆ ಎರಡು ತುಂಡುಗಳನ್ನೂ ನನ್ನ ಬಾಗಿಲಿಗೆ ತಂದು ಒರಗಿಸಿದ. ಇದೇನಿದು ಎಂದೆ.

"ಎರಡೂ ತುಂಡು ತಂದು ಕೊಟ್ಟೀನಲ್ಲ, ಇದರಾಗ ಏನ್ ಕಮ್ಮಿ ಆಗೇತಿ? ಬೇಕಾದ್ರ ತೂಗಿ ನೋಡು," ಅಂದ.

ಅಂದಿನಿಂದ ನಾವು ಒಬ್ಬರಿಗೊಬ್ಬರು ಆಗದವರು. ನನ್ನ ಹತ್ತಿ, ದಾರ, ದಬ್ಬಣ ಅವನು ತರುತ್ತಿದ್ದ. ಅವನ ಕಾಗದ, ಮಸಿ, ಓದುವ ಚಾಳೀಸು ನಾನು ತರುತ್ತಿದ್ದೆ. ನಮ್ಮ ಜೋಡಿ ಪೇಟೆಯಲ್ಲಿ ಹೆಸರುವಾಸಿಯಾಗಿತ್ತು. ಅಪ್ಪಂದಿರು ಮಕ್ಕಳಿಗೆ, ಇದ್ದರೆ ಹಾಗಿರಬೇಕು ನೋಡು ಎಂದು ನಮ್ಮನ್ನು ತೋರಿಸುತ್ತಿದ್ದರು. ನನ್ನ ಹೆಂಡತಿ ಹುಸೇನಬಿ ಮಾತ್ರ ಈ ಜಗಳಕ್ಕೆ ಸೇರಿರಲಿಲ್ಲ. ಅವಳು ಇರುವವರೆಗೆ ಗೋಡೆಯ ಮೇಲಿಂದ ಸಾರಿನ ಬಟ್ಟಲು ಅತ್ತ ಇತ್ತ ಓಡಾಡಿಕೊಂಡೇ ಇತ್ತು.

ಮೊನ್ನೆ ಲಗ್ನಸರಾಯಿ ಹತ್ತಿರ ಬಂದಾಗ ಗದಿಗೆಪ್ಪನ ಕಂಪ್ಯೂಟರ್ ನಿಂತಿತು. ಮೊದಲು ನಿಧಾನವಾಯಿತು. ಮದುಮಗನ ಹೆಸರು ಒತ್ತಿದರೆ ಅದು ಪರದೆಯ ಮೇಲೆ ಮೂಡುವಷ್ಟರಲ್ಲಿ ಅನ್ನ ಕುದಿಯುತ್ತಿತ್ತು. ಆಮೇಲೆ ಒಂದು ಬೆಳಿಗ್ಗೆ ಪರದೆ ಕಪ್ಪಗಾದದ್ದು ಕಪ್ಪಗೇ ಉಳಿಯಿತು. ಅವನ ವರ್ಷದ ಅನ್ನವೆಲ್ಲ ಆ ಲಗ್ನದ ತಿಂಗಳುಗಳಲ್ಲೇ ಹುಟ್ಟಬೇಕು. ಒಂದು ಸಲ ಗಿರಾಕಿ ಪಕ್ಕದ ಊರಿನ ಅಂಗಡಿ ಹೊಕ್ಕರೆ ಮತ್ತೆ ತಿರುಗಿ ಬರುವುದಿಲ್ಲ. ಹೊಸ ಕಂಪ್ಯೂಟರ್ ಕೊಳ್ಳುವ ಶಕ್ತಿ ಅವನಿಗಿರಲಿಲ್ಲ, ಬೇರೆ ಕೆಲಸ ಕಲಿಯುವ ವಯಸ್ಸೂ ಅಲ್ಲ.

ಗೋಡೆಯ ಮೇಲಿಂದ ಕರೆದ.

"ಏ ಗಾದಿ, ಇದ್ದೀಯೇನು?"

"ಇದ್ದೀನಿ. ಯಾಕ, ಮತ್ತೇನರ ಕೊಯ್ಯೂದೈತೇನು?"

"ಕಂಪ್ಯೂಟರ್ ಸತ್ತೈತಿ. ಪ್ರೊಸೆಸರ್ ಅಂತ ಒಂದು ತರಬೇಕು. ಮೆಹರುನ ಅಂಗಡ್ಯಾಗ ರಿಯಾಯಿತಿ ಹಾಕ್ಯಾರ."

"ಅದೇನದು?"

"ಕಂಪ್ಯೂಟರಿನ ತಲಿ ಇದ್ದಂಗ. ನಿನಗದು ತಿಳಿಯೂದಿಲ್ಲ, ಅದಕ್ಕ ನಿನ್ನ ಕಳಸಾಕತ್ತೀನಿ."

ಮೆಹರುನ್ನೀಸಾ ಎನ್ನುವ ಹೆಣ್ಣುಮಗಳು ಪೇಟೆಯ ಮೂಲೆಯಲ್ಲಿ ಕಂಪ್ಯೂಟರ್ ಸಾಮಾನಿನ ಅಂಗಡಿ ಇಟ್ಟಿದ್ದಾಳೆ. ಊರಿನ ಕಂಪ್ಯೂಟರುಗಳನ್ನು ಬಿಚ್ಚಿ ನೋಡುವವಳೂ ಅವಳೇ. ಗಾಜಿನ ಕಪಾಟಿನಲ್ಲಿ ಅದನ್ನು ತೋರಿಸಿದಳು. ಬಿಸ್ಕೀಟಿನಷ್ಟಗಲದ ಒಂದು ಬಿಲ್ಲೆ. ಮೇಲೆ ಬೆಳ್ಳಿಯ ಬಣ್ಣ, ತಿರುಗಿಸಿದರೆ ಸಜ್ಜೆ ಚೆಲ್ಲಿದ ಹಾಗೆ ಬಂಗಾರದ ಚುಕ್ಕೆಗಳು.

"ಇಷ್ಟಕ್ಕ ಇಷ್ಟು ಗದ್ದಲೇನು?" ಅಂದೆ.

"ಇದು ಹಳೇ ಮಾದರಿ ಅಜ್ಜಾರ. ಕಂಪನಿಯವರಿಗೆ ಬ್ಯಾಡಾಗೇತಿ, ಅದಕ್ಕ ರಿಯಾಯಿತಿ, ಚೀಟಿ ಕೆಳಗಿಂದ ಸುರು ಆಗ್ತೈತಿ. ಆದ್ರ ಗದಿಗೆಪ್ಪಜ್ಜಾರ ಬೋರ್ಡಿಗೆ ಕೂಡೂದು ಇದೊಂದ. ಹೊಸಾವು ಅದರಾಗ ಕೂಡಂಗಿಲ್ಲ, ಹೊಸಾದು ತಗೊಂಡ್ರ ಎಲ್ಲಾನೂ ಹೊಸಾದು ತಗೋಬೇಕು. ಅಮಾಸಿ ಮರುದಿನ ಹಳೇ ಮಾಲೆಲ್ಲ ತಿರುಗಿ ಕಂಪನಿಗೆ ಹೊಕ್ಕೈತಿ. ಅದರೊಳಗ ನೋಡ್ರಿ."

ಚೀಟಿ ಮೂರು ಗಾದಿಯ ಬೆಲೆ ತೋರಿಸುತ್ತಿತ್ತು. ಮೊದಲ ದಿನ ಹಾಗೇ. ಎಂಥ ಆಗದವನಿಗೂ ಹೊಸ ಸಾಮಾನಿನ ಮೇಲೆ ಒಂದಿಷ್ಟು ಕುತೂಹಲ ಇರುತ್ತದೆ. ದಿನಾ ಹೋಗಿ ನೋಡಿ ನೋಡಿ ಬೇಸರ ಬಂದಷ್ಟೂ ಬೆಲೆ ಇಳಿಯುತ್ತದೆ. ನಾನು ಬರಿಗೈಯಲ್ಲಿ ಬಂದೆ. ಮರುದಿನ ಹೋದೆ, ಎರಡು ಗಾದಿಗೆ ಬಂದಿತ್ತು. ಗದಿಗೆಪ್ಪನ ಹತ್ತಿರ ಇದ್ದದ್ದೂ ಅಷ್ಟೇ.

"ಸಾಕು, ತಂದುಬಿಡು," ಅಂದ ಅವನು.

"ತಡಿಯೋ. ಇನ್ನ ಇಳೀತೈತಿ."

"ಇಬ್ಬರು ಗಿರಾಕಿ ಬಂದು ಹೋದ್ರು."

"ಒಂದು ದಿಂಬಿನ ಬೆಲಿಗೆ ತಂದು ಕೊಡ್ತೀನಿ, ಆಮ್ಯಾಲೆ ನನ್ನ ಹೆಸರು ಹೇಳು. ಅಮಾಸಿ ಇನ್ನ ದೂರ ಐತಿ."

ಎರಡು ಗಾದಿಗೆ ತಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅಂಗಡಿಯ ಮುಂದೆ ಚಹಾ ಕುಡಿಯುತ್ತಿದ್ದವರು, ದಾವಲಸಾಬ ಬಂದ, ಈಗ ನೋಡ್ರಿ ಹೆಂಗ ಇಳಸ್ತಾನ ಅಂದಿದ್ದು ನನ್ನ ಕಿವಿಗೆ ಬಿದ್ದಿತ್ತು. ಗಟ್ಟಿ ಆಗದವನು ಎನ್ನಿಸಿಕೊಳ್ಳುವುದು ನಮ್ಮೂರಲ್ಲಿ ಸಣ್ಣ ಮಾತಲ್ಲ. ನಾನು ಕಾದೆ. ಚೀಟಿ ಒಂದೂವರೆ ಗಾದಿಗೆ ಬಂತು. ಇನ್ನೂ ಕಾದೆ.

ಈ ನಡುವೆ ಗದಿಗೆಪ್ಪನಿಗೆ ಮಾಡಲು ಕೆಲಸವಿಲ್ಲದಂತಾಯಿತು. ಕಾರ್ಡು ಮಾಡಿಸಲು ಬಂದವರಿಗೆ ಕುಂದ್ರರಿ, ಚಾ ಕುಡೀರಿ, ನಾಳಿಗೆ ಆಗ್ತೈತಿ ಎನ್ನುತ್ತಿದ್ದ. ಅವರು ಚಹಾ ಕುಡಿದು ಕಪ್ಪು ಪರದೆಯನ್ನು ನೋಡಿ ಎದ್ದು ಹೋಗುತ್ತಿದ್ದರು. ಒಂದು ಮಧ್ಯಾಹ್ನ ಅವನು ಗೋಡೆ ಸುತ್ತಿ ನನ್ನ ಅಂಗಡಿಗೇ ಬಂದ. ಏಣಿಯ ದಿನದಿಂದ ಒಳಗೆ ಕಾಲಿಟ್ಟಿರಲಿಲ್ಲ. ಹತ್ತಿಯ ಅಂಡಿಗೆಯ ಮೇಲೆ ಕೂತ. ನಾನು ಹೊಲಿಯುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅವನ ಎರಡೂ ಕೈಯ ಬೆರಳುಗಳು ಮೊಣಕಾಲಿನ ಮೇಲೆ ಕುಣಿಯುತ್ತಿದ್ದವು. ಕಂಪ್ಯೂಟರಿನ ಕೀಲಿಗಳನ್ನು ಒತ್ತಿದ ಹಾಗೆ. ಒಂದು ಸಾಲು ಮುಗಿದಾಗ ಕಿರುಬೆರಳಿನಿಂದ ಒಮ್ಮೆ ಗಟ್ಟಿಯಾಗಿ ಒತ್ತುತ್ತಿದ್ದ.

"ಯಾರ ಲಗ್ನ?" ಅಂದೆ.

"ಯಾರದೂ ಅಲ್ಲ. ಸುಮ್ನ. ಕೈ ಮರೀಬಾರದಲ್ಲ."

ಮರುದಿನ ಮೆಹರುನ ಅಂಗಡಿಗೆ ಹೋಗಿ ಕಪಾಟಿನ ಮುಂದೆ ನಿಂತೆ. ಚೀಟಿ ಸ್ವಲ್ಪ ಅಲುಗಿತು. ಐದು ಗಾದಿ ತೋರಿಸಿತು.

ಮೆಹರು ಚೀಟಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಅಜ್ಜಾರ, ಇದು ಯಾರಿಗಂತ ತಗೊಳ್ಳಾಕ ಬಂದೀರಿ?"

"ಗದಿಗೆಪ್ಪಗ."

"ಮತ್ತ ಇದು ಹಿಂಗ?"

"ಚೀಟಿ ಕೆಟ್ಟಿರಬೇಕು. ಬ್ಯಾರೆ ಕಟ್ಟಿ ನೋಡು."

ಬೇರೆ ಚೀಟಿ ಕಟ್ಟಿದಳು. ಅದೂ ಐದು ಗಾದಿ ಅಂತು. ಅವಳು ಪಾಪ ತಿಳಿದವಳು, ಗಾಜು ಒರೆಸಲು ಹತ್ತಿದಳು. ನಾನು ಹೊರಗೆ ಬಂದು ರಸ್ತೆಯ ಬದಿಯಲ್ಲಿ ನಿಂತು ಲೆಕ್ಕ ಹಾಕಿದೆ. ಅವನ ಎರಡು ಗಾದಿಗೆ ನನ್ನ ಕೈಯಲ್ಲಿದ್ದ ಮೂರು ಸೇರಿಸಿದರೆ ಸರಿಹೋಗುತ್ತಿತ್ತು. ಹೋಗಲಿ, ಹಾಕಿಬಿಡೋಣ ಎಂದು ಮನಸ್ಸು ಮಾಡಿ ಮತ್ತೆ ಒಳಗೆ ಹೋದೆ. ಹಾಗೆ ಮನಸ್ಸು ಮಾಡಿದ್ದೇ ತಪ್ಪಾಯಿತು. ಏಳಕ್ಕೆ ಏರಿತ್ತು.

ಗದಿಗೆಪ್ಪನಿಗೆ ಹೇಳದೆ ವಿಧಿಯಿರಲಿಲ್ಲ. ಅವನು ಗೋಡೆಯ ಆಚೆ ಬಕೆಟ್ಟಿನಿಂದ ತುಳಸಿಗೆ ನೀರು ಹಾಕುತ್ತಿದ್ದ.

"ಎಷ್ಟಕ್ಕ ಬಂತು?"

"ಏಳು ಗಾದಿ."

ಅವನು ಬಕೆಟ್ಟು ಕೆಳಗಿಟ್ಟ. ಗಿಡದ ಒಣ ಎಲೆ ಕೀಳಲು ಹತ್ತಿದ. ನನಗೂ ಎಲ್ಲಿ ನೋಡಬೇಕು ತಿಳಿಯಲಿಲ್ಲ. ಈ ವಯಸ್ಸಿನಲ್ಲಿ, ಗೋಡೆಯ ಬಳಿ, ಹಗಲು ಹೊತ್ತಿನಲ್ಲಿ ಇಂಥ ಮಾತು.

"ಯಾವಾಗಿಂದ ಹಿಂಗ?" ಅಂದ ಮೆಲ್ಲಗೆ.

"ನನಗೇನು ಗೊತ್ತು. ಇವತ್ತ ತೋರಿಸ್ತು."

"ಮಂದಿ ನೋಡಿದ್ರೇನು?"

"ಮೆಹರು ನೋಡಿದ್ಲು. ಆಕಿ ಹೇಳೂದಿಲ್ಲ. ಚಾ ಕುಡಿಯೋ ಮಂದಿ ಬಾಗಿಲದಾಗ ನಿಂತಿದ್ರು."

"ಹಂಗಾದ್ರ ಊರಿಗೆಲ್ಲ ಗೊತ್ತಾತು." ಬಕೆಟ್ಟು ಎತ್ತಿಕೊಂಡ. "ಅದಿರಲಿ. ಅಮಾಸಿ ಬಂತು. ಈಗ ಏನ್ ಮಾಡೂದು?"

ಅವನಿಗೆ ನಾನೊಬ್ಬನೇ ಆಗದವನು. ಎರಡನೆಯವನನ್ನು ಸಾಕಿಕೊಳ್ಳುವಷ್ಟು ಅನುಕೂಲ ಯಾರಿಗಿರುತ್ತದೆ. ಹೊಸ ಆಗದವನು ನಂಬುವಂತಾಗಲು ವರ್ಷಗಟ್ಟಲೆ ಬೇಕು. ಅವನೇ ಹೋಗಿ ನಿಂತರಂತೂ ಚೀಟಿಯಲ್ಲಿ ಜಾಗ ಸಾಲುವುದಿಲ್ಲ. ಉಳಿದದ್ದು ಒಂದೇ ದಾರಿ, ನಾವಿಬ್ಬರೂ ಮತ್ತೆ ಕೆಡಬೇಕು.

ಮರುದಿನ ಬೆಳಿಗ್ಗೆ ಗೋಡೆಯ ಎರಡೂ ಕಡೆ ನಿಂತು ಸುರುಮಾಡಿದೆವು. ಏಣಿಯಿಂದಲೇ ಹಿಡಿದುಕೊಂಡೆ.

"ಅದು ನಮ್ಮಪ್ಪ ಮಾಡಿಸಿದ ಏಣಿ. ಸಾಗವಾನಿದು."

"ಸಾಗವಾನಿ ಏನಲ್ಲ. ಬೇವಿಂದು. ಕೊಯ್ದಾಂವ ನಾನು, ನನಗ ಗೊತ್ತಿಲ್ಲೇನು?"

"ಕೊಯ್ಯೂ ಮೊದಲ ಒಂದು ಮಾತು ಕೇಳಬೇಕಿಲ್ಲೇನು?"

"ಕೇಳಿದ್ರ ಕೊಯ್ಯಾಕ ಬಿಡತಿದ್ದೇನು?"

"ಇಲ್ಲ."

"ಅದಕ್ಕ ಕೇಳಲಿಲ್ಲ."

ನನಗೆ ನಗು ಬಂತು. ತಡೆದುಕೊಂಡೆ. ಅವನಿಗೂ ಬಂತು, ಅವನು ತಡೆದುಕೊಳ್ಳಲಿಲ್ಲ. ಕೆಮ್ಮು ಹತ್ತುವವರೆಗೆ ನಕ್ಕ. ನಾನು ಒಳಗಿನಿಂದ ನೀರು ತಂದುಕೊಟ್ಟೆ. ಅದಾದ ಮೇಲೆ ಪೇಟೆಗೆ ಹೋಗಿ ನೋಡಿದರೆ ಚೀಟಿ ಎಂಟಕ್ಕೆ ಹೋಗಿತ್ತು.

ಬಾಯಿಮಾತಿನಲ್ಲಿ ಆಗುವ ಕೆಲಸವಲ್ಲ ಎಂದು ಅವನು ಸಂಜೆ ತನ್ನ ಮನೆಯ ಕಸವನ್ನೆಲ್ಲ ನನ್ನ ಅಂಗಳಕ್ಕೆ ಸುರಿದ. ಅದರಲ್ಲಿ ಬಟಾಣಿ ಸಿಪ್ಪೆ ಇತ್ತು, ನಮ್ಮ ಆಡು ಬಹಳ ದಿನದಿಂದ ಅಂಥದ್ದು ಕಂಡಿರಲಿಲ್ಲ. ತಿಂದು ಮಲಗಿತು. ನಾನು ಹಠಕ್ಕೆ ಬಿದ್ದು ಹತ್ತಿ ಹಿಂಜುವಾಗ ಬಾಗಿಲು ತೆರೆದಿಟ್ಟು ಧೂಳು ಅವನ ಮನೆಯ ಕಡೆಗೆ ಹೋಗುವಂತೆ ಮಾಡಿದೆ. ಅವನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಗೋಡೆಯ ಹತ್ತಿರ ಬಂದು, ಇನ್ನಷ್ಟು ಜೋರಾಗಿ ಹಿಂಜು, ಸಿಟ್ಟು ಬರಾಕತ್ತೇತಿ ಅಂದ. ಸಿಟ್ಟು ಬರಬೇಕಾದದ್ದು ನನಗೆ, ನಿನಗಲ್ಲ ಅಂದೆ. ಹೌದಲ್ಲ ಅಂದ. ಇಬ್ಬರೂ ದಣಿದು ಬಾಗಿಲು ಹಾಕಿದೆವು.

ಅಮಾವಾಸ್ಯೆ ಬಂತು. ಬೆಳಗಾದರೆ ಮೆಹರು ಹಳೆಯ ಮಾಲನ್ನೆಲ್ಲ ಕಟ್ಟಿ ಕಳಿಸುವವಳು. ಆ ದಿನ ಹೊತ್ತು ಇಳಿಯುವಾಗ ನಾನು ಅಂಗಳದಲ್ಲಿ ಒಂದು ಗಾದಿಗೆ ಅಂಚು ಹೊಲಿಯುತ್ತಿದ್ದೆ. ಗದಿಗೆಪ್ಪ ಗೋಡೆಯ ಹತ್ತಿರ ಬಂದು ನಿಂತ. ಬೆಳಿಗ್ಗೆ ಲಗ್ನದ ದೊಡ್ಡದೊಂದು ಆರ್ಡರ್ ಪಕ್ಕದ ಊರಿಗೆ ಹೋಯಿತೆಂದು ನನಗೆ ಗೊತ್ತಿತ್ತು. ಏ ಗಾದಿ ಅನ್ನಲಿಲ್ಲ. ಹೆಸರು ಹಿಡಿದ.

"ದಾವಲ, ಹುಸೇನಬಿ ಮಲಗಿದಾಗ ಔಷಧಕ್ಕ ನನ್ನ ಕಳಿಸಿದ್ದಿ. ನೆನಪೈತೇನು?"

ನೆನಪಿತ್ತು. ಅವಳ ಜ್ವರ ತಲೆಗೇರಿತ್ತು. ಡಾಕ್ಟರು ಬರೆದುಕೊಟ್ಟದ್ದನ್ನು ತರಲು ನಾನು ಹೋದರೆ ಚೀಟಿ ಎಲ್ಲಿಗೋ ಹೋಗಿ ನಿಲ್ಲುತ್ತಿತ್ತು. ಅದಕ್ಕೇ ಇವನನ್ನು ಕಳಿಸಿದ್ದೆ. ತಿರುಗಿ ಬಂದು, ಆ ಔಷಧ ಅಂಗಡಿಯಲ್ಲಿ ತೀರಿದೆ, ನಾಳೆ ಬರುತ್ತದಂತೆ ಅಂದಿದ್ದ. ನಾಳೆಯವರೆಗೆ ಅವಳು ಕಾಯಲಿಲ್ಲ.

"ಅಂಗಡ್ಯಾಗ ಇಲ್ಲ ಅಂದಿದ್ದೆ," ಅಂದ ಗದಿಗೆಪ್ಪ. "ನಾ ಅಂಗಡಿಗೆ ಹೋಗೇ ಇರಲಿಲ್ಲ. ಗಿರಣಿ ಕಟ್ಟಿ ಮ್ಯಾಲೆ ಕುಂತು ಎದ್ದು ಬಂದೆ."

ಅಷ್ಟು ಹೇಳಿ ಒಳಗೆ ಹೋದ. ಬಾಗಿಲು ಹಾಕಿಕೊಂಡ ಸದ್ದು ಕೇಳಿತು.

ನಾನು ಅಂಚು ಹೊಲಿಯುವುದನ್ನು ಮುಂದುವರಿಸಿದೆ. ದಾರ ತೀರಿತು. ದಬ್ಬಣಕ್ಕೆ ಹೊಸ ದಾರ ಪೋಣಿಸಲು ಹೋದರೆ ಹೋಗಲಿಲ್ಲ. ದಬ್ಬಣದ ಕಣ್ಣು ಅಷ್ಟು ದೊಡ್ಡದು, ಕಣ್ಣು ಮುಚ್ಚಿ ಪೋಣಿಸುತ್ತಿದ್ದವನು ನಾನು. ಗಾದಿಯನ್ನು ಮಡಚಿ ಒಳಗಿಟ್ಟೆ.

ಬೆಳಿಗ್ಗೆ ಎದ್ದು ಅವನು ಕೊಟ್ಟಿದ್ದ ಹಣ ತೆಗೆದುಕೊಂಡು ಪೇಟೆಗೆ ಹೋದೆ. ಯಾಕೆ ಹೋದೆ ಎಂದರೆ, ತರುತ್ತೇನೆ ಎಂದು ಒಪ್ಪಿಕೊಂಡಿದ್ದೆ. ಮೆಹರು ಆಗಲೇ ರಟ್ಟಿನ ಪೆಟ್ಟಿಗೆಗೆ ಮಾಲು ತುಂಬುತ್ತಿದ್ದಳು. ಪ್ರೊಸೆಸರ್ ಇನ್ನೂ ಕಪಾಟಿನಲ್ಲಿತ್ತು. ನಾನು ಮುಂದೆ ನಿಂತೆ. ಚೀಟಿಯ ಅಂಕಿಗಳು ಒಂದೊಂದೇ ಉದುರಿದವು. ಗಾದಿ ಹೋಯಿತು, ದಿಂಬು ಹೋಯಿತು, ಕಡೆಗೆ ದಿಂಬಿಗೆ ಹೊದಿಸುವ ಗಲೀಪಿನ ಬೆಲೆಗೆ ಬಂದು ನಿಂತಿತು. ಅದೂ ಹಳೆಯ ಗಲೀಪು.

ಮೆಹರು ಕೈಯಲ್ಲಿದ್ದುದನ್ನು ಕೆಳಗಿಟ್ಟಳು.

"ಅಜ್ಜಾರ, ಇಷ್ಟು ಇಳಿದದ್ದು ನಾ ನೋಡೇ ಇಲ್ಲ," ಅಂದಳು. ಆಮೇಲೆ ನನ್ನ ಮುಖ ನೋಡಿ, "ಕುಂದ್ರರಿ, ನೀರು ಕೊಡ್ಲೇನು?" ಅಂದಳು.

"ಬ್ಯಾಡವ್ವಾ. ಕಟ್ಟಿ ಕೊಡು."

ಹೊರಗೆ ಚಹಾ ಕುಡಿಯುವವರು ಎದ್ದು ನಿಂತು ಬೆಲೆ ಕೇಳಿದರು. ಹೇಳಿದೆ. ಒಬ್ಬ ನನ್ನ ಬೆನ್ನು ತಟ್ಟಿ, ನಡುವೆ ಒಂದೆರಡು ದಿನ ನಮಗ ಸಂಶಯ ಬಂದಿತ್ತು ದಾವಲಸಾಬ, ಇನ್ನು ಚಿಂತಿಲ್ಲ ಅಂದ. ಅವರೆಲ್ಲರಿಗೂ ಖುಷಿಯಾಗಿತ್ತು.

ಗದಿಗೆಪ್ಪ ಗೋಡೆಯ ಹತ್ತಿರ ಕಾಯುತ್ತ ನಿಂತಿದ್ದ. ಪೊಟ್ಟಣವನ್ನೂ ಉಳಿದ ಹಣವನ್ನೂ ಗೋಡೆಯ ಮೇಲಿಟ್ಟೆ. ಅವನು ಪೊಟ್ಟಣ ನೋಡಲಿಲ್ಲ. ಹಣವನ್ನೇ ನೋಡಿದ. ಕೊಟ್ಟದ್ದೆಲ್ಲ ಹಾಗೇ ತಿರುಗಿ ಬಂದಂತಿತ್ತು.

"ಇಷ್ಟು ಇಳೀತೇನು?" ಅಂದ.

"ಇಳೀತು."

ಅವನು ಗೋಡೆಗೆ ಕೈ ಊರಿಕೊಂಡ.

"ನಾ ಹೇಳಿದ್ದು ಸುಳ್ಳು, ದಾವಲ. ಹೋಗಿದ್ದೆ. ಅಂಗಡ್ಯಾಗ ಔಷಧ ಖರೇನ ಇರಲಿಲ್ಲ. ಬ್ಯಾರೆ ಅಂಗಡಿಗೂ ಹೋಗಿದ್ದೆ. ಚೀಟಿ ಇಳೀಲಿ ಅಂತ ನಿನ್ನೆ ಹಂಗಂದೆ. ನನಗ ಬ್ಯಾರೆ ಏನೂ ತಿಳೀಲಿಲ್ಲ."

"ಚೀಟಿಗೆ ಅದು ಗೊತ್ತಿಲ್ಲ."

"ಚೀಟಿ ಹಾಳಾಗಿ ಹೋಗ್ಲಿ. ನಿನಗ?"

ಗೋಡೆಯ ಮೇಲಿನ ಹಣವನ್ನು ಅವನ ಕಡೆ ಸರಿಸಿದೆ. ಆ ಔಷಧದ ಅಂಗಡಿಯವನನ್ನು ಕೇಳೋಣವೆಂದರೆ ಅವನು ಅಂಗಡಿ ಮಾರಿ ಊರು ಬಿಟ್ಟು ಎಷ್ಟೋ ಕಾಲವಾಯಿತು. ಗಿರಣಿಯ ಕಟ್ಟೆಯೂ ಈಗಿಲ್ಲ. ಒಬ್ಬ ಮನುಷ್ಯ ಮೊದಲ ದಿನ ಹೇಳಿದ್ದು ಸುಳ್ಳೋ, ಮರುದಿನ ಹೇಳಿದ್ದು ಸುಳ್ಳೋ ಎಂದು ತೂಗಿ ನೋಡಲು ನನ್ನ ಹತ್ತಿರ ತಕ್ಕಡಿಯಿಲ್ಲ. ಎರಡನೆಯದೇ ಖರೆ ಎಂದು ನನ್ನ ತಲೆ ಹೇಳುತ್ತದೆ. ಅವನು ಅಂಥ ಕೆಲಸ ಮಾಡುವವನಲ್ಲ, ಏಣಿ ಕೊಯ್ಯುವವನು ಅಷ್ಟೇ. ಆದರೆ ಪೇಟೆಯಲ್ಲಿ ಚೀಟಿಯ ಮುಂದೆ ನಿಂತಾಗ ತಲೆಯನ್ನು ಯಾರೂ ಕೇಳುವುದಿಲ್ಲ.

ಮೆಹರು ಬಂದು ಪ್ರೊಸೆಸರನ್ನು ಕೂಡಿಸಿಕೊಟ್ಟಳು. ಪರದೆ ಬೆಳಗಿತು. ಲಗ್ನಸರಾಯಿಯ ಕಾರ್ಡುಗಳಲ್ಲಿ ಪಕ್ಕದ ಊರಿಗೆ ಹೋದವು ಬಿಟ್ಟು ಉಳಿದವೆಲ್ಲ ಗದಿಗೆಪ್ಪನಲ್ಲೇ ಆದವು. ಈಗ ಮದುಮಗಳ ಹೆಸರು ಒತ್ತುವ ಮೊದಲೇ ಮೂಡುತ್ತದೆ ಎಂದು ಊರವರು ಹೇಳುತ್ತಾರೆ. ರಾತ್ರಿಯೂಟಕ್ಕೆ ಕೂತಾಗ ಗೋಡೆಯಾಚೆಯಿಂದ ಟಕಟಕ ಸದ್ದು ನನಗೂ ಕೇಳಿಸುತ್ತದೆ.

ಅವನ ಸಾಮಾನು ಈಗಲೂ ನಾನೇ ತರುತ್ತೇನೆ. ಮಸಿ, ಕಾಗದ, ಏನೇ ಇರಲಿ, ಬಹಳ ಅಗ್ಗಕ್ಕೆ ಸಿಗುತ್ತದೆ. ಇಷ್ಟು ಅಗ್ಗಕ್ಕೆ ತರುವವನು ಸುತ್ತಮುತ್ತ ಇಲ್ಲ ಎಂದು ಹೆಸರಾಗಿದೆ. ಅವನಿಗೆ ಇದರಿಂದ ಲಾಭವೇ ಲಾಭ. ಆದರೂ ಉಳಿದ ಚಿಲ್ಲರೆಯನ್ನು ನಾನು ಗೋಡೆಯ ಮೇಲಿಟ್ಟಾಗ ಅವನು ಆ ಕಡೆ ನೋಡುವುದಿಲ್ಲ. ನಾನು ಒಳಗೆ ಹೋದ ಮೇಲೆ ತೆಗೆದುಕೊಳ್ಳುತ್ತಾನೆ.

ನನ್ನ ಹತ್ತಿ ಅವನು ತರುತ್ತಾನೆ. ಹಿಂದೆ ಎಷ್ಟಕ್ಕೆ ತರುತ್ತಿದ್ದನೋ ಈಗಲೂ ಅಷ್ಟೇ ಹೇಳಿ ಅಷ್ಟೇ ತೆಗೆದುಕೊಳ್ಳುತ್ತಾನೆ. ಅಷ್ಟಕ್ಕೆ ಅವನಿಗೆ ಸಿಗುತ್ತಿಲ್ಲ ಎಂದು ಹತ್ತಿಯ ಅಂಗಡಿಯವನು ನನಗೆ ಹೇಳಿದ್ದಾನೆ. ಅವನು ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಚೀಟಿ ಏರಲು ಸುರುಮಾಡುತ್ತದಂತೆ. ಕೈಯಿಂದ ಹಾಕಿ ತರುತ್ತಾನೆ. ನನಗೆ ಗೊತ್ತಿದೆ ಎಂದು ಅವನಿಗೆ ಹೇಳಿಲ್ಲ. ಹೇಳಿದರೆ ಹತ್ತಿಗೆ ಯಾರನ್ನು ಕಳಿಸಲಿ.

ಹೋದ ವಾರ ಅವನಿಗೆ ಕಾರ್ಡಿನ ಕಾಗದ ತರಲು ಹೋಗಿದ್ದೆ. ಚೀಟಿ ಹಿಂದಿನ ಸಲಕ್ಕಿಂತ ಒಂದಿಷ್ಟು ಹೆಚ್ಚು ತೋರಿಸಿತು. ದಿಂಬಿನ ಗಲೀಪಲ್ಲ, ಅದರ ಮೇಲೆ ಸ್ವಲ್ಪ. ನಾನು ಇನ್ನೊಮ್ಮೆ ನೋಡಿದೆ. ಕಾಗದದ ಅಂಗಡಿಯವನು ನನ್ನ ಹಿಂದೆ ಬಂದು ನಿಂತು, ಕಾಗದದ ರೇಟು ಎಲ್ಲಾ ಕಡೆ ಏರಾಕತ್ತೇತಿ, ನಮ್ಮಲ್ಲಷ್ಟ ಅಲ್ಲ ಅಂದ.

ಇರಬಹುದು.